ನಸೀಮಾ ಮೇಡಂ ಮತ್ತು ಹಸಿದ ಸಿಂಪಿಗಳು

ದಿನಾ ಬೆಳಿಗ್ಗೆ ತೊಟ್ಟಿಯ ಮುಂದೆ ನಿಂತು, "ಮಾಫ್ ಮಾಡ್ರಿ, ಇವತ್ತೂ ಊಟ ಇಲ್ಲ" ಎಂದು ಸಿಂಪಿಗಳಿಗೆ ಸಲಾಂ ಹೊಡೆಯುತ್ತಿದ್ದ ವಿಜ್ಞಾನಿಯನ್ನು ನಾನು ಒಬ್ಬರನ್ನೇ ನೋಡಿದ್ದು. ರಾಯಚೂರಿನ ನಸೀಮಾ ಮೇಡಂ ಅಬಿಡ್ಸ್ ಬಳಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಸಮುದ್ರವೇ ಇಲ್ಲದ ಹೈದರಾಬಾದಿನಲ್ಲಿ ಎರಡು ಗಾಜಿನ ತೊಟ್ಟಿಗಳಿಗೆ ಉಪ್ಪುನೀರು ತುಂಬಿ ಕಡಲ ಸಿಂಪಿಗಳನ್ನು ಸಾಕಿದ್ದರು. ಒಂದು ತೊಟ್ಟಿಗೆ ದಿನವೂ ಹಸಿರು ಪಾಚಿನೀರು. ಇನ್ನೊಂದಕ್ಕೆ ಸೋಸಿದ ಬರಿ ನೀರು. ತಿಂಗಳುಗಟ್ಟಲೆ ಆಹಾರವಿಲ್ಲದಾಗ ಸಿಂಪಿಯ ದೇಹ ಏನು ಮಾಡುತ್ತದೆ ಎಂಬುದು ಅವರ ಸಂಶೋಧನೆ.

ನಾನು ಕುಮಟೆಯವನು, ಹೈದರಾಬಾದಿನ ಕೊಂಡಾಪುರದ ಕಂಪನಿಯೊಂದರಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದೆ. ಆ ವರ್ಷಗಳಲ್ಲಿ ಊರಿಗೆ ಊರೇ ಕಂಪ್ಯೂಟರ್ ಕಲಿಯುತ್ತಿತ್ತು. ಮೇಡಂ ಕಲಿಯಲಿಲ್ಲ, ಕನ್ನಡದವನೆಂಬ ಸಲಿಗೆಯಿಂದ ಭಾನುವಾರ ನನ್ನನ್ನು ಕರೆಸಿ, ಸಿಂಪಿಗಳ ಉಸಿರಾಟದ ಅಳತೆಗಳಿಂದ ಗ್ರಾಫ್ ಮಾಡಿಸಿಕೊಳ್ಳುತ್ತಿದ್ದರು.

ಮೂರನೇ ತಿಂಗಳು ಉಪವಾಸದ ತೊಟ್ಟಿಯ ಗೆರೆ ಕುಸಿಯಿತು.

"ಮೇಡಂ, ಪ್ರೋಗ್ರಾಮಲ್ಲೇನೋ ತಪ್ಪಾಗಿದೆ. ಇವು ಉಸಿರಾಡೋದೇ ಅರ್ಧಕ್ಕಿಳಿದಿದೆ."

"ಪ್ರೋಗ್ರಾಮ್ ಸರಿ ಐತ್ರಿ. ಅವು ಜೀವ ಸಣ್ಣ ಮಾಡ್ಕೊಂಡಾವ. ನೀರು ಸೋಸೋದು ಕಡಿಮಿ, ಉಸಿರೂ ಕಡಿಮಿ. ಮೈಯಾಗ ಕೂಡಿಟ್ಟ ಸಕ್ಕರಿ ಮೊದಲು ಕರಗಿಸ್ತಾವ, ಆಮ್ಯಾಲೆ ಮಾಂಸ. ತತ್ತಿನೂ ಬಿಡಂಗಿಲ್ಲ, ವಾಪಸ್ ಮೈಗೇ ಹೀರ್ಕೊಂತಾವ. ಹೊಟ್ಟಿಗಿಲ್ಲಂದ್ರ ಮಕ್ಕಳು ಬ್ಯಾಡ ಅನ್ನೋ ಬುದ್ಧಿ ಐತಿ ಅವಕ್ಕ. ನಮ್ಮ ಮಾವಗ ಇರ್ಲಿಲ್ಲ, ಹನ್ನೊಂದು ಮಂದಿ."

ಚಿಪ್ಪು ಇದ್ದಷ್ಟೇ ಇತ್ತು. ಒಳಗಿನ ಮೈ ಮಾತ್ರ ಬತ್ತಿ ತೆಳುವಾಗಿತ್ತು. ಕೆಲವು ಸತ್ತವು. ಸತ್ತ ದಿನ ಮೇಡಂ ಚಹಾ ಮುಟ್ಟುತ್ತಿರಲಿಲ್ಲ. ಕೇಳಿದರೆ "ವಾಸನಿರಿ" ಎನ್ನುತ್ತಿದ್ದರು.

ಅಷ್ಟರಲ್ಲಿ ಪ್ರಿನ್ಸಿಪಾಲರು ಆ ಕೋಣೆಯನ್ನು ಕಂಪ್ಯೂಟರ್ ಲ್ಯಾಬ್ ಮಾಡಲು ಹೊರಟರು. ಒಂದು ಭಾನುವಾರ ಬಂದು ತೊಟ್ಟಿಯೊಳಗೆ ಇಣುಕಿ, ಇವೆಲ್ಲ ಸತ್ತಿವೆ, ಎಸೆದುಬಿಡಿ ಎಂದು ಹಿಂದಿಯಲ್ಲಿ ಅಪ್ಪಣೆ ಕೊಟ್ಟರು. ಮೇಡಂ ಬಾಯಿ ಬಿಟ್ಟಿದ್ದ ಒಂದು ಸಿಂಪಿಯನ್ನು ಪೆನ್ಸಿಲಿನಿಂದ ಮುಟ್ಟಿದರು. ಏನೂ ಆಗಲಿಲ್ಲ. ನನ್ನ ಮುಖ ನೋಡಿ, "ತಡೀರಿ, ಹಸಿದವ್ರು ಜಲ್ದಿ ಏಳಂಗಿಲ್ಲ" ಎಂದರು. ಮೂವರೂ ತೊಟ್ಟಿಗೆ ಬಗ್ಗಿ ನಿಂತೆವು. ಚಿಪ್ಪು ಬಲು ನಿಧಾನಕ್ಕೆ ಮುಚ್ಚಿಕೊಂಡು ಪೆನ್ಸಿಲಿನ ತುದಿಯನ್ನು ಕಚ್ಚಿ ಹಿಡಿಯಿತು. ಪ್ರಿನ್ಸಿಪಾಲರು ಕೈಯನ್ನು ಜೇಬಿಗೆ ಸೇರಿಸಿಕೊಂಡು ಎರಡು ವಾರ ಗಡುವು ಕೊಟ್ಟರು.

ಗಡುವಿನ ಕೊನೆಯಲ್ಲಿ ಮೇಡಂ ಉಪವಾಸ ಮುರಿಸಿದರು. ಪಾಚಿನೀರು ಸುರಿದು ಕಾದು ಕೂತೆವು. ಮಧ್ಯಾಹ್ನದ ಹೊತ್ತಿಗೆ ಚಿಪ್ಪುಗಳು ಒಂದೊಂದಾಗಿ ಸಂದು ಬಿಟ್ಟವು. ಸಂಜೆಗೆ ಹಸಿರು ನೀರು ತಿಳಿಯಾಗಿತ್ತು. ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡು, "ಉಣ್ಣಾಕತ್ತಾವ ಅಂತ ಬರಕೋರಿ. ಟೈಮ್ ಹಾಕ್ರಿ" ಎಂದರು.

ಆಮೇಲೆ ಅವರು ಆಂಧ್ರದ ಕರಾವಳಿಯ ಕಾಲೇಜೊಂದರಲ್ಲಿ ಕೆಲಸ ಹಿಡಿದು ಹೊರಟರು. ಸಿಕಂದರಾಬಾದ್ ಸ್ಟೇಷನ್ನಿಗೆ ಕಳಿಸಿಕೊಡಲು ಹೋಗಿದ್ದೆ. ಸೀಟಿನ ಕೆಳಗೆ ಒದ್ದೆ ಗೋಣಿ. ಅದರಲ್ಲಿ ಬದುಕುಳಿದ ಹದಿನಾಲ್ಕು ಸಿಂಪಿ. ಎದುರಿನವರು ಆಗಲೇ ಮೂಗು ಮುಚ್ಚಿಕೊಂಡಿದ್ದರು.

"ಇವನ್ನ ಏನು ಮಾಡ್ತೀರಿ ಮೇಡಂ?"

"ಪರೀಕ್ಷಾ ಪಾಸ್ ಆಗ್ಯಾವಲ್ರಿ. ಮನಿಗೆ ಬಿಟ್ಟು ಬರ್ತೀನಿ."

ಮತ್ತೆ ಅವರನ್ನು ನೋಡಲಾಗಲಿಲ್ಲ. ಆ ಕೋಣೆಯಲ್ಲೀಗ ಸಾಲಾಗಿ ಕಂಪ್ಯೂಟರುಗಳಿವೆ. ತೊಟ್ಟಿಗಳಿದ್ದ ಕಡೆಯ ಗೋಡೆ ಮಾತ್ರ ಉಪ್ಪು ಕುಡಿದು ಕೂತಿದೆ. ಪ್ರತಿ ವರ್ಷ ಬಣ್ಣ ಬಳಿಸುತ್ತಾರಂತೆ. ಪ್ರತಿ ವರ್ಷ ಉದುರುತ್ತದಂತೆ.