ಬೆನ್ನ ಮೇಲಿನ ಕೆಂಪು ಗುರುತು

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಮಾತು ಶುರು ಮಾಡಿದರೆ ಎದ್ದು ಹೋಗುವವರ ಪೈಕಿ ನಾನು. ಹೊಟ್ಟೆಯೊಳಗೆ ಹೆದರಿಕೆ ಇದ್ದರೆ ಕಣ್ಣಿಗೆ ಏನು ಬೇಕಾದರೂ ಕಾಣುತ್ತದೆ ಎಂದು ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೇನೆ. ಆದರೆ ಇದನ್ನು ಮೊದಲು ಕಂಡವಳು ನಾನಲ್ಲ, ಅವ್ವ. ಅದಕ್ಕೇ ಇವತ್ತಿಗೂ ತಳ್ಳಿಹಾಕಲು ಆಗಿಲ್ಲ.

ಕೆಲವು ವರ್ಷಗಳ ಹಿಂದೆ ಬಾಣಂತನಕ್ಕೆ ಯಲ್ಲದಕೆರೆಯ ತವರಿಗೆ ಬಂದಿದ್ದೆ. ಎದ್ದು ನಿಂತರೆ ತಲೆಸುತ್ತು. ಹಿರಿಯೂರಿನ ಡಾಕ್ಟರು ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಲ್ಯಾಬಿನಲ್ಲಿ ಜನವೋ ಜನ. ನನ್ನ ಸರದಿ ಬಂದಾಗ ಅಲ್ಲಿನ ಹುಡುಗಿ, "ಕುಂತ್ಕಳ್ರಿ ಅಕ್ಕ, ಕೈ ನೀಡ್ರಿ" ಎಂದಳು. ಸೂಜಿ ಆಗಲೇ ಅವಳ ಕೈಯಲ್ಲಿತ್ತು. ಪೊಟ್ಟಣ ಒಡೆದದ್ದನ್ನು ನಾನು ನೋಡಲಿಲ್ಲ. ಹೊಸದೇ ಎಂದು ಕೇಳಬೇಕು ಅನ್ನುವಷ್ಟರಲ್ಲಿ ನನ್ನ ತೋಳಿಗೆ ಹತ್ತಿ ಒತ್ತಿ, ಮುಂದಿನವರನ್ನು ಕರೆದಾಗಿತ್ತು.

ಬಸ್ಸಿನಲ್ಲಿ ಶುರುವಾಯಿತು ಸಂಕಟ. ನಮ್ಮದು ಕುರಿ ಸಾಕುವ ಮನೆ. ಚಿಕ್ಕಂದಿನಲ್ಲಿ ಅಪ್ಪ ಇಡೀ ಹಿಂಡಿಗೆ ಒಂದೇ ಸೂಜಿಯಲ್ಲಿ ಚುಚ್ಚುತ್ತಿದ್ದುದನ್ನು ನೋಡಿದ್ದೇನೆ. ಚುಚ್ಚಿದ ಕುರಿಗೇ ಮತ್ತೆ ಚುಚ್ಚಬಾರದೆಂದು ಅದರ ಬೆನ್ನಿಗೆ ಹೆಬ್ಬೆರಳಲ್ಲಿ ಕೆಂಪು ಬಣ್ಣ ಒತ್ತಿ ಬಿಡುತ್ತಿದ್ದ. ನನಗೂ ಹಾಗೆಯೇ ಚುಚ್ಚಿದ್ದರೆ? ಯಾರದೋ ರೋಗ ನನ್ನ ರಕ್ತ ಸೇರಿದ್ದರೆ? ಮನೆಯಲ್ಲಿ ಹಾಲಿಗೆ ಕಾಯುತ್ತಿದ್ದ ಹಸುಗೂಸು ನೆನಪಾಗಿ, ತೋಳಿನ ಹತ್ತಿಯನ್ನು ಕಿತ್ತು ಕಿಟಕಿಯಾಚೆ ಎಸೆದೆ.

ಆಸ್ಪತ್ರೆಗೆ ಹೋಗಿ ಬಂದವರು ಮೈ ತೊಳೆಯದೆ ಕೂಸನ್ನು ಮುಟ್ಟುವಂತಿಲ್ಲ. ಅವ್ವ ನನ್ನನ್ನು ನೇರ ಬಚ್ಚಲಲ್ಲಿ ಕೂರಿಸಿದಳು. ಬಿಸಿನೀರು ಎತ್ತಿದವಳು ಹಾಗೇ ನಿಂತುಬಿಟ್ಟಳು.

"ಯಾರೇ ನಿನ್ನ ಬೆನ್ನಿಗೆ ಬಣ್ಣ ಹಾಕಿದ್ದು? ಕುರಿಗೆ ಒತ್ತಿದಂಗೆ ಐತಲ್ಲ!"

ತಮಾಷೆ ಎಂದುಕೊಂಡೆ. ಅವಳು ಬೆರಳಲ್ಲಿ ಒರೆಸಿ ನನ್ನ ಮುಂದೆ ಹಿಡಿದಳು. ಕೆಂಪು. ರಕ್ತವಲ್ಲ, ಬಣ್ಣ. ಕಳಚಿಟ್ಟ ರವಿಕೆಯನ್ನು ಒಳಗೂ ಹೊರಗೂ ತಿರುಗಿಸಿ ನೋಡಿದೆವು. ಒಂದು ಚುಕ್ಕೆಯೂ ಇರಲಿಲ್ಲ. ಅಪ್ಪ ಹಿಂಡು ಹೊಡೆದುಕೊಂಡು ಭರಮಸಾಗರದ ಕಡೆ ಹೋಗಿ ತಿಂಗಳ ಮೇಲಾಗಿತ್ತು. ಬಣ್ಣದ ಡಬ್ಬಿಯೂ ಅವನ ಜೊತೆಗೇ ಹೋಗಿತ್ತು.

ಅಂದಿನಿಂದ ಮಗಳಿಗೆ ಎದೆಹಾಲು ನಿಲ್ಲಿಸಿದೆ. ಅಣ್ಣ ಲ್ಯಾಬಿಗೆ ಹೋಗಿ ಕೇಳಿದರೆ, ಒಬ್ಬೊಬ್ಬರಿಗೂ ಹೊಸ ಸೂಜಿಯೇ ಎಂದು ಪೊಟ್ಟಣಗಳನ್ನು ತೋರಿಸಿ ಕಳಿಸಿದರು. ಡಾಕ್ಟರು ನನಗೇ ಬೈದರು. ಅಷ್ಟು ಭಯವಿದ್ದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸು, ಮಗುವಿಗೆ ಹಾಲು ಮಾತ್ರ ತಪ್ಪಿಸಬೇಡ ಎಂದರು. ಬುದ್ಧಿಗೆ ಅರ್ಥವಾಯಿತು, ಮನಸ್ಸು ಕೇಳಲಿಲ್ಲ. ಒಳಗೆ ಮಗು ಬಾಟಲಿಯ ಹಾಲು ಉಗಿದು ಅಳುತ್ತಿದ್ದರೆ, ನಾನು ಬಚ್ಚಲಲ್ಲಿ ಎದೆಹಾಲು ಹಿಂಡಿ ಚೆಲ್ಲುತ್ತ ಅಳುತ್ತಿದ್ದೆ.

ಎರಡನೆಯ ಪರೀಕ್ಷೆಗೆ ಚಿತ್ರದುರ್ಗಕ್ಕೇ ಹೋದೆ. ನನ್ನೆದುರೇ ಪೊಟ್ಟಣ ಒಡೆಸಿದೆ. ಬೆನ್ನನ್ನು ಗೋಡೆಗೆ ಒತ್ತಿಕೊಂಡೇ ಕೈ ಕೊಟ್ಟೆ. ಮನೆಗೆ ಬಂದು ಬಚ್ಚಲಲ್ಲಿ ಕುಳಿತು, "ಏನಾದ್ರೂ ಐತೇನವ್ವ?" ಎಂದೆ.

ಅವ್ವ ಎತ್ತಿದ ಚೊಂಬನ್ನು ಕೆಳಗಿಟ್ಟಳು.

"ಏನಿಲ್ಲ, ಸುಮ್ನೆ ಕುಂತ್ಕ" ಎಂದಳು. ಆದರೆ ಸೀಗೆಪುಡಿ ಹಾಕಿ ಒಂದೇ ಜಾಗವನ್ನು ಉಜ್ಜುತ್ತಲೇ ಇದ್ದಳು. ತಿರುಗಿ ಅವಳ ಕೈ ನೋಡುವ ಧೈರ್ಯ ನನಗಾಗಲಿಲ್ಲ.

ವರದಿಯಲ್ಲಿ ಯಾವ ರೋಗವೂ ಇರಲಿಲ್ಲ. ಅದು ಕೈಗೆ ಬಂದ ಕೂಡಲೇ ಮಗಳನ್ನು ಎದೆಗೆ ಹಾಕಿಕೊಂಡೆ. ಅವಳು ಚೀಪತೊಡಗಿದಾಗ ಹೋದ ಜೀವ ಬಂದಂತಾಯಿತು. ಪಕ್ಕದಲ್ಲಿ ಕುಳಿತಿದ್ದ ಅವ್ವ ಮೆಲ್ಲಗೆ ಮಗುವಿನ ಅಂಗಿ ಮೇಲೆತ್ತಿ ಬೆನ್ನು ನೋಡಿದಳು. ನೋಡಿ, ಬೆರಳಲ್ಲಿ ಒಮ್ಮೆ ಒರೆಸಿ, ಅಂಗಿಯನ್ನು ಕೆಳಗೆಳೆದಳು.

ಏನು ಕಂಡೆಯವ್ವ ಎಂದು ನಾನು ಅವಳನ್ನು ಇನ್ನೂ ಕೇಳಿಲ್ಲ.