ಹಜರಾಬಿ ಹಿಡಿದ ಎರಡು ಕೈ

ಬಳೆಗಾರ್ತಿ ಹಜರಾಬಿ ಹೂವಿನ ಹಿಪ್ಪರಗಿ ಸುತ್ತಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ಹೆಂಗಸರ ಕೈ ಹಿಡಿದವಳು. ನಾನು ದವಾಖಾನೆಯ ಕಂಪೌಂಡರ್. ಬಿಳಿ ಕೋಟು ಹಾಕಿದ ಮೇಲೆ ಎಲ್ಲ ಬಲ್ಲೆನೆಂಬ ಸೊಕ್ಕು. ೧೯೫೯ರಲ್ಲಿ ಆ ಸೊಕ್ಕನ್ನು ಇವಳೇ ಇಳಿಸಿದಳು.

ಶೇವಂತೆವ್ವ ಎಂಬ ಸೊಸೆ ಬಾವಿಯ ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಪ್ಲಾಸ್ಟರ್ ಬಿಚ್ಚಿ ಮೂರು ತಿಂಗಳಾದರೂ ಕೈ ಉರಿಯುತ್ತದೆ ಎನ್ನುತ್ತಿದ್ದಳು. ಸೆರಗು ತಾಕಿದರೂ ಚೀರುತ್ತಿದ್ದಳು. ರೊಟ್ಟಿ ಬಡಿಯುವುದಂತೂ ದೂರದ ಮಾತು. ಎಲುಬು ಕೂಡಿತ್ತಲ್ಲ, ಡಾಕ್ಟರರಿಗೆ ತೋರಿಸದೆ ನಾನೇ "ಏನೂ ಇಲ್ಲ" ಎಂದು ಕಳಿಸಿಬಿಟ್ಟೆ.

ಅತ್ತೆ ಮರೆವ್ವನಿಗೆ ಅಷ್ಟೇ ಸಾಕಾಯಿತು. "ನಾಟಕ ಮಾಡಾಕಿ ನಮಗ ಬ್ಯಾಡ. ಸೋಮವಾರ ತವರಿಗೆ ಬಿಟ್ಟ ಬರ್ತೇವಿ, ಮತ್ತ ಕರಿಯೂದಿಲ್ಲ" ಎಂದಳು.

ಶನಿವಾರ ಹಜರಾಬಿ ಆ ಮನೆಗೆ ಹೋದಳು. ಬಳೆ ಏರಿಸುವ ಮುನ್ನ ಎರಡೂ ಕೈ ಜೊತೆಗಿಟ್ಟು ನೋಡುವುದು ಅವಳ ರೂಢಿ. ನೋಡಿದವಳೇ ಅತ್ತೆ ಸೊಸೆ ಇಬ್ಬರನ್ನೂ ದವಾಖಾನೆಗೆ ಎಳೆತಂದು ಡಾಕ್ಟರರ ಮುಂದೆ ನಿಲ್ಲಿಸಿದಳು.

"ಸಾಹೇಬ್ರ, ಹ್ವಾದ ವರ್ಷ ಎರಡೂ ಕೈಗೆ ಒಂದ ಅಳತಿ ಬಳಿ ಇಟ್ಟೇನಿ. ಈಗ ಬಲಗೈಗೆ ಏರೂದಿಲ್ಲ. ಈ ಕೈ ಕೆಂಪ, ಬಿಸಿ, ಬೆವರು. ಆ ಕೈ ತಣ್ಣಗ ಐತಿ. ಅಳೂ ನಾಟಕ ಮಾಡಬಹುದು, ಒಂದ ಕೈಗೆ ಬೆವರ ತರಸಾಕ ಯಾರಿಗೆ ಬರತೈತ್ರಿ?"

ಡಾಕ್ಟರರು ಎರಡೂ ಕೈ ಮುಟ್ಟಿ ನೋಡಿದರು. ಬಾವು, ಮಿರುಗುವ ಚರ್ಮ, ಮಡಚದ ಬೆರಳು, ಒಂದೊಂದನ್ನೂ ಬರೆದುಕೊಂಡರು. "ಇದು ನಾಟಕ ಅಲ್ಲವ್ವಾ. ಎಲುಬು ಕೂಡಿದ ಮ್ಯಾಲೂ ನರ ಉರಿಯೂ ಬ್ಯಾನಿ. ಪುಸ್ತಕದಾಗ ಇದಕ್ಕ ಹೆಸರೂ ಐತಿ" ಎಂದರು. ಆಮೇಲೆ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ಬಿಸಿನೀರು, ಅರಳೆಯಿಂದ ಮೆಲ್ಲಗೆ ಸವರುವುದು, ದಿನಾ ಬೆರಳು ಆಡಿಸುವುದು, ಇಷ್ಟೇ ಚಿಕಿತ್ಸೆ. ಸೋಮವಾರ ತವರಿಗೆ ಬಿಡುವ ಮಾತು ಅಲ್ಲಿಗೇ ನಿಂತಿತು. ವಾರಕ್ಕೊಮ್ಮೆ ಹಜರಾಬಿ ಅದೇ ಅಳತೆಯ ಬಳೆ ಹಿಡಿದು ಬರುತ್ತಿದ್ದಳು. ಮೊದಲು ಬೆರಳಿನ ಗಿಣ್ಣಿಗೇ ನಿಂತಿತು. ಐದನೆಯ ತಿಂಗಳು ಮಣಿಕಟ್ಟು ದಾಟಿತು. "ನನ್ನ ಬಾಯಿ ಸುಡ್ಲಿ" ಎಂದು ಮರೆವ್ವ ಸೊಸೆಯ ಕೈಯನ್ನು ಕೆನ್ನೆಗೊತ್ತಿಕೊಂಡು ಅತ್ತಳು. ಹಜರಾಬಿ ಮಾತ್ರ ಗೆದ್ದ ಪೈಲ್ವಾನನ ಹಾಗೆ ಕೂತು, ಆ ಕೈಗೆ ಹಸಿರು ಬಳೆ ತುಂಬಿದಳು.

ಆ ಸಂಕ್ರಾಂತಿಗೆ ನನ್ನನ್ನೂ ಊಟಕ್ಕೆ ಕರೆದರು. ಶೇವಂತೆವ್ವ ಬಳೆ ಸಪ್ಪಳ ಮಾಡುತ್ತ ಬಲಗೈಯಿಂದ ಬಿಸಿ ರೊಟ್ಟಿ ಬಡಿಸಿದಳು.

"ಏನೂ ಇಲ್ಲ ಅಂದಿದ್ರಲ್ಲ, ಅದ ಕೈಲೆ ಬಡದೇನಿ. ಉಣ್ರಿ."