ಚನಿಯಪ್ಪಣ್ಣ ಉಜ್ಜಿಕೊಟ್ಟ ಕನ್ನಡಕ

ಬೆಳಿಗ್ಗೆ ಆರೂವರೆ. ನರಿಮೊಗರಿನ ಶಾಲೆಯೊಂದರ ಮೈದಾನದಲ್ಲಿ ಮಳೆಗಾಲದ ಹುಲ್ಲು ಸೊಂಟದೆತ್ತರ ನಿಂತಿದೆ. ಹುಲ್ಲು ಹೆರೆಯುವ ಮಿಷನ್ ಹೆಗಲಿಗೇರಿಸಿ ಎಂಟು ಮಂದಿ ತಯಾರಾಗಿದ್ದಾರೆ. ಆದರೆ ಒಬ್ಬರೂ ಸ್ಟಾರ್ಟ್ ಮಾಡುವುದಿಲ್ಲ. ಎಲ್ಲರ ಕಣ್ಣೂ ಜೀಪಿನ ಹಿಂಬದಿಯಲ್ಲಿ ಕುಳಿತು ಕನ್ನಡಕಕ್ಕೆ ಸಾಬೂನು ಹಚ್ಚುತ್ತಿರುವ ಅರುವತ್ತರ ಚನಿಯಪ್ಪಣ್ಣನ ಮೇಲೆ.

“ಬಿಸಿಲು ನೆತ್ತಿಗೆ ಬಂದ ಮೇಲೆ ಕೊಡುದಾ ಚನಿಯಪ್ಪಣ್ಣ?” ಮಿಷನ್ ಹೊತ್ತು ನಿಂತ ನವಾಝ್ ರೇಗಿಸುತ್ತಾರೆ.

“ನಿಲ್ಲು ಮಾರಾಯ, ನಿನ್ನದು ಒಣಗಲಿಲ್ಲ.”

ಕಣ್ಣು ಪೂರ್ತಿ ಮುಚ್ಚುವ ಪ್ಲಾಸ್ಟಿಕ್ ಕನ್ನಡಕವದು. ಈ ಸೆಖೆಯಲ್ಲಿ ಹತ್ತು ನಿಮಿಷ ಹಾಕಿದರೆ ಒಳಗೆಲ್ಲ ಹಬೆ ಕಟ್ಟುತ್ತದೆ. ಅದಕ್ಕೇ ಚನಿಯಪ್ಪಣ್ಣ ಒದ್ದೆ ಬೆರಳನ್ನು ಸಾಬೂನಿಗೆ ಒತ್ತಿ ಒಳಬದಿಗೆ ತೆಳ್ಳಗೆ ಸವರುತ್ತಾರೆ. ಒಣಗಿದ ಮೇಲೆ ಹೆಂಡತಿಯ ಹಳೆಯ ವಾಯಿಲ್ ಸೀರೆಯ ತುಂಡಿನಿಂದ, ಸಾಬೂನಿನ ಕಲೆ ಕಾಣದ ಹಾಗೆ ಉಜ್ಜುತ್ತಾರೆ. “ಬೈರಾಸಿನಲ್ಲಿ ಒರಸಿದ್ರೆ ಗೀರು ಬೀಳ್ತದೆ” ಎಂದು ಹೆಗಲ ಮೇಲಿನ ದಪ್ಪ ಟವೆಲ್ ತೋರಿಸುತ್ತಾರೆ. ಕೊನೆಗೆ ಬಾಯಿಂದ ‘ಹಾ’ ಎಂದು ಉಸಿರು ಬಿಡುತ್ತಾರೆ. ಮಬ್ಬಾದರೆ ಪುನಃ ಮೊದಲಿನಿಂದ. ಊಟದ ನಂತರ ಎಂಟಕ್ಕೂ ಇನ್ನೊಂದು ಸುತ್ತು ಉಂಟು.

ಅವರ ಕೆಲಸ ನೋಡಲು ಹೋದ ನನ್ನ ಕನ್ನಡಕವನ್ನೂ ಕೇಳದೆ ಕಸಿದು ಉಜ್ಜಿಕೊಟ್ಟರು. ಬಿಸಿ ಚಹಾದ ಲೋಟ ಮೂಗಿನ ಹತ್ತಿರ ಹಿಡಿದರೂ ಮಬ್ಬಾಗಲಿಲ್ಲ. ಅಬ್ಬಾ! ಮೂವತ್ತು ವರ್ಷ ಕನ್ನಡಕ ಹಾಕಿದ ನನಗೆ ಈ ಬುದ್ಧಿ ಇರಲಿಲ್ಲ.

ಒಂದು ಕಾಲದಲ್ಲಿ ಪಂಜ, ಕಡಬ, ಸುಳ್ಯ ಎಂದು ಮಿಷನ್ ಹೊತ್ತು ತಿರುಗಿದವರು ಅವರು. ಒಂಬತ್ತು ವರ್ಷದ ಹಿಂದೆ ಕನ್ನಡಕದ ಹಬೆಯ ಕಾಟ ತಾಳಲಾರದೆ ತೆಂಗಿನೆಣ್ಣೆ ಹಚ್ಚಿದರಂತೆ.

“ತಲೆಗೂ ಅದೇ, ಗಾಯಕ್ಕೂ ಅದೇ, ಇದಕ್ಕೂ ಆಗ್ತದೆ ಅಂತ ಗ್ರಹಿಸಿದೆ. ಎಂತ ಆಗುದು! ಎದುರಿದ್ದದ್ದು ಒಂದೂ ಕಾಣ್ಲಿಲ್ಲ. ಕನ್ನಡಕ ಹಣೆಗೆ ಏರಿಸಿದೆ. ಅರ್ಧ ನಿಮಿಷ ಇರ್ಬಹುದು. ಬ್ಲೇಡಿಗೆ ಸಿಕ್ಕಿದ ಕಲ್ಲು ಸೀದಾ ಬಂತು.”

ಎಡಗಣ್ಣು ಹೋಯಿತು. ಆಮೇಲೆ ಮಿಷನ್ ಹಿಡಿಯಲಿಲ್ಲ. ತಂಡದ ಪೆಟ್ರೋಲಿಗೆ ಆಯಿಲ್ ಬೆರೆಸುವುದು, ಬ್ಲೇಡ್ ಮಸೆಯುವುದು, ಕನ್ನಡಕ ಉಜ್ಜುವುದು ಈಗ ಅವರ ಕೆಲಸ. ಅವರು ಕೊಡುವ ತನಕ ಮಿಷನ್ ಸ್ಟಾರ್ಟ್ ಆಗಬಾರದು ಎಂಬುದು ತಂಡದ ಕಟ್ಟಳೆ.

ಎಂಟೂವರೆ ಗಂಟೆಗೆ ಮೈದಾನದ ಮೂಲೆಯಿಂದ ‘ಟಪ್’ ಎಂಬ ಶಬ್ದ. ನವಾಝ್ ಮಿಷನ್ ನಿಲ್ಲಿಸಿ ನಡೆದು ಬರುತ್ತಾರೆ. ಕನ್ನಡಕದಲ್ಲಿ, ಸರಿಯಾಗಿ ಬಲಗಣ್ಣಿನ ಎದುರು, ಉಗುರಿನಷ್ಟು ಅಗಲದ ಬಿರುಕು.

“ಬೆವರು ಧಾರಾಕಾರ ಹರಿತಾ ಇತ್ತು. ಮಬ್ಬಾಗಿದ್ರೆ ನಾನೂ ಹಣೆಗೆ ಏರಿಸ್ತಿದ್ದೆ ಚನಿಯಪ್ಪಣ್ಣ” ಎನ್ನುವಾಗ ನವಾಝ್ ದನಿಯಲ್ಲಿ ಬೆಳಗಿನ ತಮಾಷೆ ಇಲ್ಲ.

ಚನಿಯಪ್ಪಣ್ಣ ನವಾಝ್ ಅವರ ಗಲ್ಲ ಹಿಡಿದು, ಕಣ್ಣನ್ನು ಬೆಳಕಿಗೆ ತಿರುಗಿಸಿ ನೋಡುತ್ತಾರೆ. ಪೆಟ್ಟಿಗೆಯಿಂದ ಹೊಸ ಕನ್ನಡಕ ತೆಗೆದು ಸಾಬೂನು ಹಚ್ಚತೊಡಗುತ್ತಾರೆ. ಈ ಸಲ ನವಾಝ್ ಅವಸರ ಮಾಡದೆ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂರುತ್ತಾರೆ.

ಹೊರಡುವ ಮೊದಲು, ಏನಾದರೂ ಆಸೆ ಉಂಟಾ ಎಂದು ಕೇಳಿದೆ.

“ಆಸೆ ಎಂತದು? ಸಂಜೆ ಜೀಪು ಹತ್ತುವಾಗ ಎಲ್ಲರೂ ತಲೆ ಲೆಕ್ಕ ಮಾಡುದು, ನಾನು ಕಣ್ಣು ಲೆಕ್ಕ ಮಾಡುದು. ಅವರದ್ದು ಹದಿನಾರು, ನನ್ನದೊಂದು. ಒಂಬತ್ತು ವರ್ಷ ಆಯ್ತು, ಹದಿನೇಳು ಹದಿನೇಳೇ ಉಂಟು.”